ಶಾಂತಕ್ಕ ಹಿಮನದಿಗೆ ಇಳಿದದ್ದು

ಇವತ್ತು ಬೆಳಿಗ್ಗೆ ಫ್ರೀಜರಿನ ಬಾಗಿಲು ಮುಚ್ಚಲೇ ಇಲ್ಲ. ಲಂಡನ್ನಿನ ಅಂಚಿನ ಸಟನ್ನಿನ ಈ ಮನೆಗೆ ನಾವು ಬಂದಾಗಿನಿಂದ ಇರುವ ಫ್ರೀಜರು ಅದು, ವರ್ಷಕ್ಕೊಮ್ಮೆ ಹೀಗೆ ಹಟ ಹಿಡಿಯುತ್ತದೆ. ಸ್ವಿಚ್ ಆರಿಸಿ, ಕೆಳಗೆ ಹಳೇ ಟವೆಲು ಹಾಸಿ, ಸ್ಟೂಲ್ ಎಳೆದುಕೊಂಡು ಎದುರಿಗೆ ಕೂತೆ. ನನ್ನ ಮಗಳು ನೋಡಿದ್ದರೆ, "ಅಮ್ಮಾ, ಜಸ್ಟ್ ಬೈ ಅ ನ್ಯೂ ಒನ್!" ಅನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಒಳಗಿನ ಗೋಡೆಯಿಂದ ಮಂಜುಗಡ್ಡೆಯ ಚಪ್ಪಡಿಯೊಂದು ಕಳಚಿಕೊಂಡು ನನ್ನ ಕೈಗೆ ಬಂತು. ಅದರೊಳಗೆ ಈಸ್ಟ್ ಹ್ಯಾಮಿನ ಇಂಡಿಯನ್ ಅಂಗಡಿಯಿಂದ ಯಾವಾಗಲೋ ತಂದ ಕರಿಬೇವಿನ ಒಂದು ಎಸಳು, ಮ್ಯೂಸಿಯಮ್ಮಿನ ಗಾಜಿನಲ್ಲಿಟ್ಟ ಹಾಗೆ. ಮೂಗಿನ ಹತ್ತಿರ ಹಿಡಿದೆ.

ಮಂಜುಗಡ್ಡೆಗೆ ವಾಸನೆ ಇಲ್ಲ ಎನ್ನುತ್ತೀರೇನೋ. ಇದೆ. ತೊಳೆದಿಟ್ಟ ಸ್ಟೀಲ್ ಪಾತ್ರೆಯನ್ನು ಚಳಿಯಲ್ಲಿ ಮೂಸಿದರೆ ಬರುತ್ತದಲ್ಲ, ಆ ಥರ. ಆ ವಾಸನೆಯನ್ನು ನಾನು ಮೊದಲು ಕಂಡದ್ದು ಸ್ವಿಟ್ಜರ್ಲೆಂಡಿನ ಬೆಟ್ಟಗಳ ನಡುವೆ, ಹಿಮನದಿಯ ಮೇಲೆ ಇಳಿದು ನಿಂತ ಒಂದು ಪುಟ್ಟ ವಿಮಾನದ ಬಾಗಿಲು ತೆರೆದಾಗ. ನನ್ನ ಮುಂದಿನ ಸೀಟಿನಲ್ಲಿ ಶಾಂತಕ್ಕ ಇದ್ದರು.

ಶಾಂತಕ್ಕ ನನ್ನ ಯಜಮಾನರ ಅಕ್ಕ. ತಾಯಿಯಿಲ್ಲದ ತಮ್ಮನನ್ನು ಸಾಕಿ, ಓದಿಸಿ, ಡಾಕ್ಟರು ಮಾಡಿ ಇಂಗ್ಲೆಂಡಿಗೆ ಕಳಿಸಿದವರು. ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳದ ಟೀಚರಾಗಿದ್ದರು. ನನ್ನ ಯಜಮಾನರು ತೀರಿಕೊಂಡ ಮೇಲೆ ಪ್ರತಿ ಬೇಸಿಗೆಗೆ ತಮ್ಮ ಮಗನ ಮನೆಯಿಂದ ಹೊರಟು ಇಲ್ಲಿಗೆ ಬರುತ್ತಿದ್ದರು, ವೀಸಾ ಬಿಡುವಷ್ಟು ತಿಂಗಳು ನನ್ನ ಜೊತೆ ಇರುತ್ತಿದ್ದರು. ನಾನು ಬನ್ನಿ ಎಂದು ಕರೆದಿರಲಿಲ್ಲ. ಮೊದಲ ಸಲ ಹೀತ್ರೋದಲ್ಲಿ ಟ್ರಾಲಿ ತಳ್ಳಿಕೊಂಡು ಬಂದವರು ಅಂದದ್ದು ಇಷ್ಟೇ: "ಬಂದೆ ನೋಡವಾ. ಅಡಿಗಿಮನಿ ಹೆಂಗಿಟ್ಟೀ?"

ಕರೆಯುವುದು, ಕೇಳುವುದು ನನಗೆ ಬಾರದ ವಿದ್ಯೆ. ನಾನು ಮೈಸೂರಿನ ಕಾನ್ವೆಂಟ್ ಹುಡುಗಿ. ಫೋರ್ಕ್ ಹಿಡಿಯುವುದರಿಂದ ಸೀನುವುದರವರೆಗೆ ಎಲ್ಲಕ್ಕೂ ಸಿಸ್ಟರ್ ಬರ್ನಡೆಟ್ ಒಂದೊಂದು ರೂಲ್ ಇಟ್ಟಿದ್ದರು. ಮಿಕ್ಕವು ಮರೆತುಹೋಗಿವೆ, ಒಂದು ಮಾತ್ರ ಮೂಳೆಗೆ ಇಳಿದಿದೆ: "ಅ ಲೇಡಿ ಡಸ್ ನಾಟ್ ಆಸ್ಕ್, ಗರ್ಲ್ಸ್. ಷಿ ವೇಟ್ಸ್ ಟು ಬಿ ಆಫರ್ಡ್." ಈ ರೂಲ್ ಹೊತ್ತುಕೊಂಡು ನಾನು ಧಾರವಾಡದ ಸೊಸೆಯಾದೆ. ಮದುವೆಯಾದ ಹೊಸದರಲ್ಲಿ ಊಟಕ್ಕೆ ಕೂತಾಗ ಶೇಂಗಾ ಹೋಳಿಗೆ ಬಂತು. ಇನ್ನೊಂದು ಬೇಕೇ ಎಂದರು. ನಾನು ನಾಜೂಕಾಗಿ ಬೇಡವೆಂದು ತಲೆಯಾಡಿಸಿ, ಇನ್ನೊಮ್ಮೆ ಕೇಳಲಿ ಎಂದು ಕಾದೆ. ಹೋಳಿಗೆಯ ಬುಟ್ಟಿ ಮುಂದಕ್ಕೆ ಹೋಯಿತು. ಮಧ್ಯಾಹ್ನ ಅಡುಗೆಮನೆಯಲ್ಲಿ ಅದೇ ಬುಟ್ಟಿಯ ಮುಂದೆ ಸುಮ್ಮನೆ ನಿಂತಿದ್ದ ನನ್ನನ್ನು ಶಾಂತಕ್ಕ ಹಿಡಿದರು.

"ಏ ಮೈಸೂರಾಕಿ, ಹಸದೀ ಏನು? ಬಾಯಿ ಇಲ್ಲೇನು ನಿನಗ?"

"ನೀವು ಇನ್ನೊಂದ್ಸಲ ಕೇಳ್ತೀರ ಅಂದ್ಕೊಂಡೆ ಅಕ್ಕಾ."

"ಒತ್ತಾಯಾ ಮಾಡೂದು ಬೀಗರಿಗೆ. ನೀ ಏನು ಬೀಗರಾಕಿಯೇನು? ಮನ್ಯಾನವ್ರು ಕೇಳಿ ಹಾಕಿಸ್ಕೋಬೇಕು!"

ಕೇಳದೆ ಇರುವುದು ನನಗೆ ಮರ್ಯಾದೆ, ಒತ್ತಾಯ ಮಾಡದೆ ಇರುವುದು ಅವರಿಗೆ ಪ್ರೀತಿ. ಇಬ್ಬರೂ ಹೀಗೆ ಎಷ್ಟು ಹೋಳಿಗೆ ಕಳೆದುಕೊಂಡಿದ್ದೇವೋ!

ಇರಲಿ, ವಿಮಾನದ ಕಥೆಗೆ ಬರುತ್ತೇನೆ. ಆ ವರ್ಷ ಬಂದಾಗ ಶಾಂತಕ್ಕನ ಬಲಗಾಲು ಊದಿಕೊಂಡಿತ್ತು. ಹಿಂದಿನ ಪ್ರಯಾಣದಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟಿ ತೊಂದರೆಯಾಗಿತ್ತಂತೆ. "ಇಷ್ಟು ದೂರದ್ದು ಇದೇ ಕಡೀದು ಅಂದಾರ ನಮ್ಮ ಡಾಕ್ಟರು," ಎಂದು ಚಹಾ ಸೋಸುತ್ತ ಹೇಳಿದರು, ನಾಳೆ ಹಾಲಿನವನು ಬರುವುದಿಲ್ಲ ಎನ್ನುವ ಹಾಗೆ. ನಾನು "ಓ, ಐ ಸೀ" ಎಂದೆ. ಅಷ್ಟೇ ಎಂದದ್ದು. ಆಮೇಲೆ ಮೇಲಿನ ಕೋಣೆಗೆ ಹೋಗಿ, ಮಡಿಸಿದ್ದ ಬಟ್ಟೆಗಳನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಹೋಗಬೇಡಿ ಎನ್ನಬೇಕಿತ್ತು. ಇಡೀ ಬೇಸಿಗೆ ಆ ಮಾತು ನಾಲಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಯಿತು.

ನನ್ನ ಮಗಳು ನಂದಿನಿ ಮಾತ್ರ ಶಾಂತಕ್ಕನನ್ನು ನೇರವಾಗಿ ಕೇಳಿಬಿಟ್ಟಳು. "ಅತ್ಯಾ, ವಾಟ್ ಡು ಯು ರಿಯಲಿ ವಾಂಟ್ ಟು ಸೀ? ಎನಿಥಿಂಗ್!" ರಾಜರ ಅರಮನೆ ಎನ್ನುತ್ತಾರೇನೋ ಎಂದುಕೊಂಡೆ.

"ಹಿಮನದಿ," ಎಂದರು ಶಾಂತಕ್ಕ. "ಜನ್ಮಾ ಪೂರ್ತಿ ಪಾಠಾ ಮಾಡೇನಿ, ಬೋರ್ಡಿನ ಮ್ಯಾಲೆ ಚಿತ್ರಾ ತಗದೇನಿ. ನೋಡಿಲ್ಲ."

ಹಾಗೆ ನಾವು ಮೂವರು ಒಂದು ಬೆಳಿಗ್ಗೆ ಕಣಿವೆಯ ತಳದ ಸಣ್ಣ ಏರ್‌ಫೀಲ್ಡಿನಲ್ಲಿ ನಿಂತಿದ್ದೆವು. ಚಕ್ರದ ಜೊತೆ ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನೂ ಕಟ್ಟಿದ್ದ ವಿಮಾನ; ನಮ್ಮ ಕಾಲದ ಅಂಬಾಸಡರ್ ಕಾರಿಗೆ ರೆಕ್ಕೆ ಹಚ್ಚಿದಂತಿತ್ತು. ಪೈಲಟ್ ಕೆಂಚು ಗಡ್ಡದ ದೊಡ್ಡ ಆಳು, ಮೊಮ್ಮಕ್ಕಳಿರುವ ವಯಸ್ಸು. ಹತ್ತುವ ಮೊದಲು ಪ್ರತಿಯೊಬ್ಬರನ್ನೂ ಕೈಚೀಲದ ಸಮೇತ ತೂಕ ಮಾಡಬೇಕು ಎಂದ. ಶಾಂತಕ್ಕ ಇಳಕಲ್ ಸೀರೆಯ ಮೇಲೆ ತಮ್ಮನ ಹಳೇ ಓವರ್‌ಕೋಟು ಹಾಕಿ, ನಂದಿನಿಯ ಬೂಟು ಮೆಟ್ಟಿ, ತಕ್ಕಡಿಯ ಮೇಲೆ ಗಂಭೀರವಾಗಿ ನಿಂತರು.

"ಇದೇನವಾ, ತುಲಾಭಾರ? ಆ ಕಡೆ ಏನಿಡ್ತಾರ, ಬೆಲ್ಲಾನೋ ಸಕ್ಕರಿನೋ?"

ಮುಳ್ಳು ಹೋದ ಕಡೆ ನೋಡಿ ಪೈಲಟ್ ಅವರ ಚೀಲದತ್ತ ಬೆರಳು ತೋರಿಸಿದ. ಒಳಗಿನಿಂದ ಮೊಸರನ್ನದ ಡಬ್ಬಿ, ಚಪಾತಿಯ ಡಬ್ಬಿ, ಶೇಂಗಾ ಚಟ್ನಿಪುಡಿ, ಹಿತ್ತಾಳೆಯ ನೀರಿನ ತಂಬಿಗೆ ಒಂದೊಂದಾಗಿ ಹೊರಬಂದವು. ಅವೆಲ್ಲ ಆಫೀಸಿನ ಮೇಜಿನ ಮೇಲೆ ಉಳಿದವು. ಆಮೇಲೆ ಭಾರ ಸರಿದೂಗಲು ತೂಕದವರು ಮುಂದೆ, ಹಗುರದವರು ಹಿಂದೆ ಎಂದಾಯಿತು. ಎಲ್ಲರೂ ಆಸೆಪಡುವ ಪೈಲಟ್ ಪಕ್ಕದ ಸೀಟು ಶಾಂತಕ್ಕನಿಗೆ!

"ಏ ಮೈಸೂರಾಕಿ," ಎಂದು ಕತ್ತು ತಿರುಗಿಸಿದರು, "ಜೀವನಪೂರ್ತಿ ಸಲಾಡ್ ತಿಂದು ಏನು ಗಳಿಸಿದಿ? ಹಿಂದ ಕೂಡು."

ಹಾರಾಟದ ಬಗ್ಗೆ ಚೆನ್ನಾಗಿ ಬರೆಯಬೇಕೆಂದು ಆಸೆ. ಆದರೆ ನಿಜ ಹೇಳುತ್ತೇನೆ, ಅರ್ಧ ದಾರಿ ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ರೆಕ್ಕೆಯ ತುದಿಗೇ ಬಂಡೆ ಇತ್ತು, ಅದರ ಮೇಲೆ ಬಿಸಿಲು. ಕೆಳಗೆ ಪೈನ್ ಮರಗಳು ಮುಗಿದು, ಹುಲ್ಲು ಮುಗಿದು, ಬರೀ ಬಿಳುಪು ಶುರುವಾಯಿತು. ಬಿಳುಪೂ ಒಂದೇ ಬಗೆಯಲ್ಲ. ಬಿರುಕುಗಳ ಒಳಗೆ ಇಂಕಿನಂಥ ನೀಲಿ. ಶಾಂತಕ್ಕ ಬೆರಳಿನಿಂದ ಗಾಜಿನ ಮೇಲೆ ಆ ಬಿಳಿಯ ದಾರಿಯನ್ನು ಮೇಲಿನಿಂದ ಕೆಳಗೆ ಎಳೆಯುತ್ತಿದ್ದರು, ಬೋರ್ಡಿನ ಮೇಲೆ ಎಳೆದ ಹಾಗೆ. ಆಮೇಲೆ ವಿಮಾನ ಏರಿಗೆ ಮುಖ ಮಾಡಿ ಇಳಿಯಿತು, ಸ್ಕೀಗಳು ಜರ್ರೆಂದವು, ಕಿಟಕಿಗೆ ಹಿಮದ ಪುಡಿ ಬಡಿಯಿತು. ಎಂಜಿನ್ ನಿಂತಿತು. ಅಂಥ ಮೌನವನ್ನು ನಾನು ಕಾನ್ವೆಂಟಿನ ಚಾಪೆಲ್ಲಿನಲ್ಲೂ ಕೇಳಿರಲಿಲ್ಲ.

"ಪ್ಲೀಸ್, ಸ್ಟೇ ಕ್ಲೋಸ್ ಟು ದ ಪ್ಲೇನ್," ಎಂದು ಪೈಲಟ್ ಬಾಗಿಲು ತೆರೆದ. ನಂದಿನಿ ಇಳಿದು ಕ್ಯಾಮೆರಾ ತೆಗೆದಳು. ಪೈಲಟ್ ಕೈ ಚಾಚಿ ಕಾಯುತ್ತಿದ್ದ. ಶಾಂತಕ್ಕ ಮಾತ್ರ ಬಾಗಿಲಲ್ಲಿ ಕೂತು, ಬಗ್ಗಿ, ಬೂಟಿನ ಲೇಸು ಬಿಚ್ಚುತ್ತಿದ್ದರು. ಒಂದು ಬೂಟು ಬಂತು. ಇನ್ನೊಂದು ಬಂತು. ಸಾಕ್ಸೂ ಬಂದವು, ಬೂಟಿನೊಳಗೆ ನೀಟಾಗಿ ಸೇರಿದವು.

"ಅತ್ಯಾ! ನೋ ನೋ ನೋ! ಯುವರ್ ಲೆಗ್!" ನಂದಿನಿ ಕೂಗಿದಳು.

"ಮೇಡಂ, ಶೂಸ್! ಶೂಸ್!" ಪೈಲಟ್‌ನ ಗಡ್ಡವೂ ಗಾಬರಿಯಾಯಿತು.

"ನದಿಯೊಳಗ ಮೆಟ್ಟು ಹಾಕ್ಕೊಂಡು ಇಳೀತಾರೇನು?" ಶಾಂತಕ್ಕ ನನ್ನ ಕಡೆ ತಿರುಗಿದರು. "ಹೇಳು ಅವಗ, ನಿನ್ನ ಇಂಗ್ಲಿಷಿನ್ಯಾಗ."

ಹೇಳಿದೆ, ಸಿಸ್ಟರ್ ಬರ್ನಡೆಟ್ ಮೆಚ್ಚುವಂಥ ಇಂಗ್ಲಿಷಿನಲ್ಲಿ: ನಮ್ಮಲ್ಲಿ ಯಾವ ನದಿಗೂ ಪಾದರಕ್ಷೆ ಹಾಕಿಕೊಂಡು ಇಳಿಯುವ ಪದ್ಧತಿಯಿಲ್ಲ, ಆಕೆ ಇದನ್ನು ನದಿಯೆಂದೇ ಮಕ್ಕಳಿಗೆ ಕಲಿಸಿದ್ದಾರೆ. ಪೈಲಟ್ ಶಾಂತಕ್ಕನನ್ನು ನೋಡಿದ, ಹಿಮವನ್ನು ನೋಡಿದ. "ಯೆಸ್," ಎಂದ ನಿಧಾನವಾಗಿ, "ಇಟ್ ಈಸ್ ಅ ರಿವರ್." ತನ್ನ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ತೋಳು ಕೊಟ್ಟ. "ಬಟ್ ವೆರಿ ಶಾರ್ಟ್, ಮೇಡಂ. ವೆರಿ ಶಾರ್ಟ್."

ಶಾಂತಕ್ಕ ಇಳಿದರು. ಒಂದು ಹೆಜ್ಜೆ, ಇನ್ನೊಂದು. ಹಿಮದಲ್ಲಿ ಅವರ ಅಗಲವಾದ ಪಾದದ ಗುರುತು ಐದೂ ಬೆರಳಿನ ಸಮೇತ ಮೂಡಿತು. ಬಗ್ಗಲಾರದೆ ಬಗ್ಗಿ, ಒಂದು ಚಿಟಿಕೆ ಹಿಮ ತೆಗೆದು ಕಣ್ಣಿಗೊತ್ತಿ ತಲೆಗೆ ಹಾಕಿಕೊಂಡರು. ಸ್ನಾನ ಮಾಡುವಾಗ ಹೇಳುವ ನದಿಗಳ ಹೆಸರನ್ನೆಲ್ಲ ಹೇಳಿದರು. ಆಮೇಲೆ, "ಇದರ ಹೆಸರೇನಂತ ಕೇಳು," ಎಂದರು. ಪೈಲಟ್ ಮಾರುದ್ದದ ಜರ್ಮನ್ ಹೆಸರು ಹೇಳಿದ. ಅದನ್ನು ಅವರು ತಮಗೆ ಬಂದ ಹಾಗೆ ಎರಡು ಸಲ ಹೇಳಿ, ಕಾವೇರಿಯ ಪಕ್ಕಕ್ಕೆ ಸೇರಿಸಿದರು.

"ಹುಡುಗ್ಯಾರು ಕೇಳ್ತಿದ್ರು, ಟೀಚರ್, ಇದು ಹರೀತದಂತೀರಿ, ಹರಿಯೂದು ನೀವು ನೋಡೀರೇನ್ರಿ ಅಂತ." ಸುತ್ತ ನೋಡಿದರು. "ಈಗೂ ಕಾಣವಲ್ತು ನೋಡು. ಆದ್ರ ಹೊಂಟದ."

ಅಷ್ಟರಲ್ಲಿ ಪಾದಗಳು ನೀಲಿಗಟ್ಟತೊಡಗಿದ್ದವು. ನಂದಿನಿ, ಪೈಲಟ್ ಇಬ್ಬರೂ ಸೇರಿ ಅವರನ್ನು ಎತ್ತಿದ ಹಾಗೆ ತಂದು ಬಾಗಿಲಲ್ಲಿ ಕೂರಿಸಿದರು. ನಂದಿನಿ ಟವೆಲ್ಲಿಗಾಗಿ ಹಿಂದುಗಡೆ ಹುಡುಕಲು ಹೋದಳು. ನಾನು ಹಿಮದಲ್ಲೇ ಮಂಡಿಯೂರಿ ಆ ಎರಡೂ ಕಾಲನ್ನು ಶಾಲಿನೊಳಗೆ ತೆಗೆದುಕೊಂಡೆ. ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿದೆ. ಮದುವೆಯ ದಿನ ಈ ಕಾಲಿಗೆ ನಾನು ಮಾಡಿದ ನಮಸ್ಕಾರವೂ ಕಾನ್ವೆಂಟಿನಲ್ಲಿ ಮಂಡಿ ತುಸು ಬಗ್ಗಿಸಿ ಮಾಡುತ್ತಿದ್ದ ಕರ್ಟ್ಸಿಯ ಹಾಗೆ ಮೇಲುಮೇಲಿನದೇ ಆಗಿತ್ತು.

"ಬಿಡವಾ, ಕಾಲ ಮುಟ್ಟಬ್ಯಾಡ."

"ಸುಮ್ನಿರಿ ಅಕ್ಕಾ."

ಕಾಲು ನಿಧಾನವಾಗಿ ಬೆಚ್ಚಗಾಗುತ್ತಿತ್ತು. ನಾನು ತಲೆಯೆತ್ತದೆ ಹೇಳಿದೆ, "ಅಕ್ಕಾ, ಹೋಗ್ಬೇಡಿ. ಮುಂದಿನ ವರ್ಷವೂ ಬನ್ನಿ. ಪ್ಲೀಸ್."

ಅವರು ನನ್ನ ಉಣ್ಣೆಯ ಟೋಪಿಯನ್ನು ಕಿವಿಯ ಮೇಲೆ ಎಳೆದರು. "ಇಷ್ಟ ವರ್ಷದಾಗ ನನ್ನ ಏನೂ ಕೇಳಲಿಲ್ಲ ನೀನು. ಕೇಳಿದ್ದು ನೋಡು, ನನ್ನ ಕೈಲೆ ಕೊಡಲಿಕ್ಕಾಗದ್ದು." ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಮಾತ್ರ ನಗು. "ಬ್ಯಾರೆ ಏನರೆ ಕೇಳು ಹುಚ್ಚೀ. ಕೊಡತೀನಿ."

ಬೇರೆ ಏನು ಕೇಳುವುದು? ನಂದಿನಿ ಟವೆಲ್ ತಂದಳು, ಎಂಜಿನ್ ಶುರುವಾಯಿತು. ಕೆಳಗಿಳಿದ ಮೇಲೆ ಏರ್‌ಫೀಲ್ಡಿನ ಬೆಂಚಿನಲ್ಲಿ ಕೂತು ಮೊಸರನ್ನ ತಿಂದೆವು. ಪೈಲಟ್‌ಗೂ ಒಂದು ಚಪಾತಿ, ಚಟ್ನಿಪುಡಿಯ ಖಾರಕ್ಕೆ ಅವನಿಗೆ ಗಡ್ಡದವರೆಗೆ ಬೆವರು. ಸೆಪ್ಟೆಂಬರಿನಲ್ಲಿ ಶಾಂತಕ್ಕ ಹೊರಟುಹೋದರು. ಹೀತ್ರೋದಲ್ಲಿ ವೀಲ್‌ಚೇರಿನಿಂದ ಕೈ ಬೀಸಿದರು. ಇಬ್ಬರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅದಾಗಿ ಎರಡು ಚಳಿಗಾಲ ಕಳೆದಿವೆ. ಭಾನುವಾರಕ್ಕೊಮ್ಮೆ ವಿಡಿಯೋ ಕಾಲ್. ಶಾಂತಕ್ಕ ಫೋನನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಳ್ಳುವುದರಿಂದ ನನಗೆ ಕಾಣುವುದು ಅವರ ಮನೆಯ ಜಂತಿ, ಫ್ಯಾನು, ಒಮ್ಮೊಮ್ಮೆ ಗದ್ದ. ಅಲ್ಲಿಗೆ ಹೋಗಿ ಇರಬಹುದೆಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಅವರು ಒಮ್ಮೆಯೂ ಬಾ ಎನ್ನಲಿಲ್ಲ. ಮಗ, ಸೊಸೆ ಇರುವ ಮನೆ, ಅನುಕೂಲವಿಲ್ಲವೇನೋ ಎಂದು ನಾನೂ ಸುಮ್ಮನಿದ್ದೆ. ಇಷ್ಟು ದೂರ ನಿಮ್ಮ ಜೊತೆ ಮಾತಾಡುತ್ತ ಬಂದು, ಈ ಸಾಲು ಬರೆಯುವಾಗ ನಾಚಿಕೆಯಾಗುತ್ತಿದೆ. ಬಾ ಎನ್ನಲಿಲ್ಲವಂತೆ! ನಾನೇನು ಬೀಗರಾಕಿಯೇ?

ಪೆನ್ನು ಕೆಳಗಿಟ್ಟು ಫೋನ್ ಮಾಡಿದೆ. ಇವತ್ತು ಮಂಗಳವಾರ.

"ಯಾಕವಾ, ಆರಾಮ ಇದ್ದೀ ಇಲ್ಲೋ?" ಜಂತಿ, ಫ್ಯಾನು ಕಂಡವು. ದನಿ ಗಾಬರಿಯಲ್ಲಿತ್ತು.

"ಆರಾಮಿದೀನಿ ಅಕ್ಕಾ. ಒಂದು ಕೇಳ್ಬೇಕಿತ್ತು. ಈ ಚಳಿಗಾಲ ನಾನು ಅಲ್ಲಿ ಬಂದು ಇರಲಾ? ಪೂರ್ತಿ ಚಳಿಗಾಲ. ನಿಮ್ಮ ಹತ್ರ."

ಫ್ಯಾನು ತಿರುಗುತ್ತಿತ್ತು. ಗದ್ದ ಕಾಣಲಿಲ್ಲ. ಅಷ್ಟರಲ್ಲಿ ದನಿ ಬಂತು, ನನಗಲ್ಲ, ಒಳಮನೆಗೆ: "ಏ ಗೀತಾ! ಅಟ್ಟದ ಮ್ಯಾಲಿನ ದೊಡ್ಡ ಗಾದಿ ಇಳಸು. ಬಿಸಲಿಗೆ ಹಾಕು!"

"ಯಾರು ಬರ್ತಾರ್ರಿ ಅತ್ತಿ?" ಸೊಸೆಯ ದನಿ ಎಲ್ಲೋ ದೂರದಿಂದ.

"ಯಾರೂ ಬರೂದಿಲ್ಲ. ನಮ್ಮಾಕಿ ಬರ್ತಾಳ."

ಆಮೇಲೆ ನನ್ನ ಜೊತೆ ಮಾತಾಡಲು ಅವರಿಗೆ ಪುರಸೊತ್ತಾಗಲಿಲ್ಲ. ಫೋನು ಎಲ್ಲೋ ಮೂಲೆ ಸೇರಿತು. ನಾನು ಮಾತ್ರ ಇಡಲಿಲ್ಲ. ಧಾರವಾಡದ ಬಿಸಿಲಿನಲ್ಲಿ ಯಾರೋ ಗಾದಿಯನ್ನು ಬಡಿಯುವ ಸದ್ದು ಧಪ್, ಧಪ್ ಎಂದು ಬರುತ್ತಿತ್ತು, ಕೇಳುತ್ತ ಕೂತೆ.