ಚಿಕ್ಕತ್ತೆಯ ಅಡುಗೆಮನೆಗೆ ತೆರೆದ ಗಾಳಿಕಿಂಡಿ

ನಾನು ಮಡಕಶಿರಾ ಕಡೆಯವಳು. ಮದುವೆಯಾಗಿ ರಾಯದುರ್ಗಕ್ಕೆ ಬಂದಾಗ ಮೊದಲು ಕಣ್ಣಿಗೆ ಬಿದ್ದದ್ದು ನೀಲಿ ಬಣ್ಣದ ಜೇಡರ ಬಲೆ. ಗಂಡನ ಮನೆಯವರು ಜೀನ್ಸ್ ಪ್ಯಾಂಟು ಹೊಲಿಯುವವರು. ನಡುಮನೆಯಲ್ಲಿ ಮಿಷನ್‌ಗಳು ಓಡುತ್ತಿದ್ದರೆ ಬಟ್ಟೆಯಿಂದೇಳುವ ನೂಲಿನ ನೀಲಿ ಧೂಳು ಫ್ಯಾನಿನ ರೆಕ್ಕೆ, ಸ್ವಿಚ್ಚು, ದೇವರ ಫೋಟೊ ಎಲ್ಲದರ ಮೇಲೂ ಕೂರುತ್ತಿತ್ತು. ಅತ್ತೆ ಅಲ್ಲೇ ಕುಳಿತು ಹೊಲಿದ ಪ್ಯಾಂಟುಗಳ ದಾರ ಕತ್ತರಿಸುತ್ತಿದ್ದರು, ನಡುನಡುವೆ ಕೆಮ್ಮುತ್ತಿದ್ದರು.

ಆ ಕೋಣೆಗೊಂದು ಗಾಳಿಕಿಂಡಿಯೇನೋ ಇತ್ತು. ಗೋಡೆಯ ಮೇಲ್ಗಡೆ, ಸಿಮೆಂಟಿನ ಹೂವಿನಂಥ ಕಂಡಿಗಳು. ಆದರೆ ಅದರೊಳಗೆ ಹಳೇ ಜೀನ್ಸ್ ಚೂರುಗಳನ್ನು ಒತ್ತಿ ತುರುಕಿದ್ದರು. ಯಾಕೆ ಎಂದು ಗಂಡನನ್ನು ಕೇಳಿದೆ. ಗೋಡೆಯಾಚೆ ಚಿಕ್ಕಮಾವನ ಮನೆ. ದೊಡ್ಡ ಮನೆಯನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ಗಾಳಿಕಿಂಡಿಯ ಆ ಮಗ್ಗುಲು ಚಿಕ್ಕತ್ತೆಯ ಅಡುಗೆಮನೆಯಾಯಿತು. ಒಂದು ದಿನ ಆಕೆ ಬಂದು, "ನಿಮ್ಮ ಧೂಳೆಲ್ಲ ನಮ್ಮ ಸಾರಿನಾಗ ಬೀಳ್ತೈತಿ" ಅಂದರಂತೆ. ಅತ್ತೆ ಅದೇ ಸಿಟ್ಟಿನಲ್ಲಿ ಸ್ಟೂಲು ಹತ್ತಿ ಕಂಡಿಗಳನ್ನೆಲ್ಲ ಮುಚ್ಚಿಬಿಟ್ಟರು. ಅಂದಿನಿಂದ ವಾರಗಿತ್ತಿಯರಿಬ್ಬರಿಗೂ ಮಾತಿಲ್ಲ. ಮದುವೆಮನೆಗಳಲ್ಲೂ ಒಬ್ಬರು ಈ ಸಾಲಿಗೆ ಕೂತರೆ ಇನ್ನೊಬ್ಬರು ಆ ಸಾಲಿಗೆ.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮಿಷನ್ ನಿಂತವು, ಫ್ಯಾನೂ ನಿಂತಿತು. ಬಾಗಿಲಿನಲ್ಲಿ ಬರೀ ಬಿಸಿ. ಅತ್ತೆಗೆ ಕೆಮ್ಮು ಬಂದು ಕಣ್ಣಲ್ಲಿ ನೀರು ತುಂಬಿತು. ನನಗೆ ತಡೆಯಲಾಗಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು, ಪೊರಕೆ ಹಿಡಿದು ಸ್ಟೂಲು ಹತ್ತಿದೆ.

"ಏ, ಅದಕ ಕೈ ಹಚ್ಚಬ್ಯಾಡ" ಅಂದರು ಅತ್ತೆ.

"ಉಸಿರು ಕಟ್ಟೈತೆ ಅತ್ತೆ ಇಲ್ಲಿ. ನೀವು ಸುಮ್ಕೆ ಕೂತ್ಕಳಿ" ಅಂದೆ.

ಮೊದಲ ಚೂರು ಎಳೆದೆ. ಅದರ ಹಿಂದೆಯೇ ನೀಲಿ ಧೂಳು ಹತ್ತಿಯ ಹಾಗೆ ಉಂಡೆಉಂಡೆಯಾಗಿ ಮುಖದ ಮೇಲೆ ಬಿತ್ತು. ಪೊರಕೆಯ ಹಿಡಿಯಿಂದ ಇನ್ನೊಂದನ್ನು ತಳ್ಳಿದೆ. ಅದು ನನ್ನ ಕಡೆ ಬರುವ ಬದಲು ಆಚೆಗೆ ಹೋಗಿ ಬಿತ್ತು. ಪಾತ್ರೆಯೊಂದು ಠಣ್ ಎಂದಿತು.

"ಯಾರದು?" ಆ ಕಡೆಯಿಂದ ಚಿಕ್ಕತ್ತೆಯ ದನಿ.

"ನಾನು ಚಿಕ್ಕತ್ತೆ, ಸೊಸೆ. ವೆಂಟಿಲೇಟರ್ ಕ್ಲೀನ್ ಮಾಡ್ತಿದ್ದೆ. ಸಾರಿಗೆ ಬಿತ್ತಾ?"

ಆಚೆಯಿಂದ ನಗು ಕೇಳಿಸಿತು. "ಸಾರಿಗಲ್ಲವ್ವಾ, ಖಾಲಿ ಬೋಗಾಣಿಗೆ. ನಿಮ್ಮತ್ತಿ ಕೆಮ್ಮು ಹೆಂಗೈತಿ? ದಿನಾ ಕೇಳಸ್ತೈತಿ ನನಗ."

ಅತ್ತೆ ಮುಖ ಮೇಲೆತ್ತದೆ ನನಗೆ ಮಾತ್ರ ಕೇಳುವಂತೆ ಅಂದರು: "ಆರಾಮ ಅದಾಳ ಅಂತ ಹೇಳು."

"ಆರಾಮ್ ಅವ್ರಂತೆ" ಅಂದೆ.

"ಸುಳ್ಳು. ಮೆಣಸು ಬೆಲ್ಲ ಕುದಿಸಿ ಕುಡಿ ಅಂತ ಹೇಳು ಆಕಿಗಿ."

"ಕುಡದೀನಿ ಅಂತ ಹೇಳು."

ನಾನು ಸ್ಟೂಲಿನ ಮೇಲೆ ನಿಂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸಿದೆ. ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು. ನಗು ತಡೆದುಕೊಳ್ಳುವುದೇ ಕಷ್ಟವಾಯಿತು.

ಕಂಡಿಯೊಂದರಲ್ಲಿ ಬಟ್ಟೆ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. "ತಡಿ, ಈ ಕಡಿಂದ ನಾನು ಎಳೀತೀನಿ" ಅಂದರು ಚಿಕ್ಕತ್ತೆ. ಏನೋ ಎಳೆದ ಸದ್ದಾಯಿತು. ಕಂಡಿಯಾಚೆ ಅವರ ಬಳೆಯ ಕೈ, ಆಮೇಲೆ ಬೆವೆತ ಹಣೆ ಕಂಡಿತು.

"ಯಾವುದರ ಮೇಲೆ ಹತ್ತಿದೀರಾ ಚಿಕ್ಕತ್ತೆ?"

"ಹಿಟ್ಟಿನ ಡಬ್ಬಿ ಮ್ಯಾಲ."

ಅತ್ತೆಯ ಕೈಯಿಂದ ಕತ್ತರಿ ಬಿತ್ತು. "ಏ ತಂಗೀ! ಆ ಡಬ್ಬಿ ಜೋಲಿ ಹೊಡೀತೈತಿ! ಇಳಿಯೇ, ಬೀಳ್ತಿ!"

ಎಷ್ಟೋ ಕಾಲದ ಮೇಲೆ ಅತ್ತೆ ಆಕೆಯೊಂದಿಗೆ ನೇರವಾಗಿ ಆಡಿದ ಮಾತು ಇದು. ಆಡಿದ್ದು ಅವರಿಗೇ ಗೊತ್ತಾದ ಹಾಗೆ ಕಾಣಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಬಿಸಿಲಲ್ಲಿ ಓಡಿದರು. ಕಂಡಿಯಿಂದ ಇಣುಕಿದರೆ, ಅತ್ತೆ ಆ ಅಡುಗೆಮನೆಯಲ್ಲಿ ನಿಂತು ಎರಡು ಕೈಯಿಂದ ಡಬ್ಬಿಯನ್ನು ತಬ್ಬಿ ಹಿಡಿದಿದ್ದರು.

"ಬಂದ್ಯಾ ಅಕ್ಕಾ" ಅಂದರು ಚಿಕ್ಕತ್ತೆ ಮೇಲಿನಿಂದಲೇ.

"ಮೊದಲು ಇಳಿ."

ಇಳಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಚಿಕ್ಕತ್ತೆಯ ಮೂಗಿನ ತುದಿಗೆ ನೀಲಿ ಧೂಳು ಮೆತ್ತಿತ್ತು. ಅತ್ತೆ ಸೆರಗಿನಿಂದ ಅದನ್ನು ಒರೆಸಿ, "ಹೌದು ಬಿಡು, ನಮ್ಮ ಧೂಳು ಭಾಳ ಕೆಟ್ಟದ್ದು" ಅಂದರು. ಚಿಕ್ಕತ್ತೆ ಮಜ್ಜಿಗೆ ಮಾಡಿದರು. ನನಗೆ ಒಂದು ಲೋಟ ಕೊಡಲು ಇಬ್ಬರಿಗೂ ನೆನಪಾಗಲಿಲ್ಲ, ನಾನೇ ಹೋಗಿ ಕುಡಿದೆ.

ಉಳಿದ ಕಂಡಿಗಳನ್ನು ಸೋಪಿನ ನೀರಿನಿಂದ ತೊಳೆದೆವು. ಆ ಅಡುಗೆಮನೆಯ ಕಿಟಕಿ ಬೆಟ್ಟದ ಕಡೆಗಿದೆ. ಸಂಜೆ ಅಲ್ಲಿಂದ ಹೊಕ್ಕ ಗಾಳಿ ನಮ್ಮ ನಡುಮನೆಗೆ ಬಂದು ಕತ್ತರಿಸಿಟ್ಟ ಜೇಬಿನ ಬಟ್ಟೆಗಳನ್ನು ಎಬ್ಬಿಸಿತು. ಗಂಡ ನಮ್ಮ ಕಡೆಯಿಂದ ಸೊಳ್ಳೆ ಜಾಲರಿ ಬಡಿದು, ಧೂಳು ಆಚೆಗೆ ಹೋಗದ ಹಾಗೆ ಮಾಡಿದರು. ಅತ್ತೆಯ ಕೆಮ್ಮು ಪೂರಾ ಹೋಗಿಲ್ಲ, ಆದರೆ ಕಡಿಮೆಯಾಗಿದೆ.

ಈಗ ಪ್ರತಿ ಅಮಾವಾಸ್ಯೆಗೆ ಮಿಷನ್‌ಗಳಿಗೆ ರಜ. ಜಾಲರಿ ಬಿಚ್ಚಿ ತೊಳೆಯುವ ಕೆಲಸ ನನ್ನದು. ಈ ಕಡೆಯಿಂದ ಅತ್ತೆ "ಎಡಕ್ಕ ತಿಕ್ಕು" ಅನ್ನುತ್ತಾರೆ, ಆ ಕಡೆಯಿಂದ ಚಿಕ್ಕತ್ತೆ "ಎಡಕ್ಕಲ್ಲವ್ವಾ, ಬಲಕ್ಕ" ಅನ್ನುತ್ತಾರೆ. ಇಬ್ಬರ ಎಡಬಲ ಬೇರೆಬೇರೆ ಎಂದು ಎಷ್ಟು ಹೇಳಿದರೂ ಯಾರೂ ಒಪ್ಪುವುದಿಲ್ಲ.