ಅಂಗೈಯ ಅಳತೆ

ಆ ವರ್ಷ ಬೆಂಗಳೂರಿನ ಅಂಚಿನ ಮಾಕಳಿಯಲ್ಲಿದ್ದ ನಮ್ಮ ಶೆಡ್ಡಿನಲ್ಲಿ ನಾನು ಒಂದು ಯಂತ್ರದ ಎದುರು ಕೂತು ದಿನ ಕಳೆದೆ. ಯುದ್ಧನೌಕೆಯ ತೋಪಿಗೆ ಗುಂಡು ಪೂರೈಸುವ ಯಂತ್ರ ಅದು. ತೋಪು ಇರುವುದು ಹಡಗಿನ ಮೇಲುಗಡೆ, ಗುಂಡುಗಳನ್ನು ಇಡುವುದು ಎರಡು ಅಂತಸ್ತು ಕೆಳಗಿನ ಉಕ್ಕಿನ ಕೋಣೆಯಲ್ಲಿ. ಅಲ್ಲಿ ದುಂಡನೆಯ ಪೀಠವೊಂದು ತಿರುಗುತ್ತಾ ಒಂದೊಂದೇ ಗುಂಡನ್ನು ಲಿಫ್ಟಿಗೆ ದಾಟಿಸುತ್ತದೆ, ಲಿಫ್ಟು ಅದನ್ನು ಮೇಲೆ ಒಯ್ಯುತ್ತದೆ. ಹಳೆಯ ಯಂತ್ರ ಎಣ್ಣೆಯ ಒತ್ತಡದಿಂದ ನಡೆಯುತ್ತಿತ್ತು. ಅದಕ್ಕೊಂದು ಬೀರುವಿನಷ್ಟು ದೊಡ್ಡ, ರಿಲೇ ಸ್ವಿಚ್ಚುಗಳ ಪೆಟ್ಟಿಗೆ, ಜೊತೆಗೆ ಕೆಳಗಿನ ಕೋಣೆಯಲ್ಲಿ ನಾಲ್ಕು ಜನ ನಾವಿಕರು. ಅದನ್ನೆಲ್ಲ ತೆಗೆದು ಮೋಟಾರು, ಸೆನ್ಸರು, ಕಂಪ್ಯೂಟರು ಕೂಡಿಸಿ, ಕೆಳಗೆ ಯಾರೂ ಇಲ್ಲದೆ ನಡೆಯುವಂತೆ ಮಾಡುವುದು ನಮ್ಮ ಕಂಪನಿಗೆ ಸಿಕ್ಕ ಕೆಲಸ. ಯಂತ್ರ ಯಾವಾಗ ಏನು ಮಾಡಬೇಕೆಂಬ ಪ್ರೋಗ್ರಾಂ ಬರೆಯುವುದು ನನ್ನ ಪಾಲಿಗೆ ಬಂತು.

ಆಗ ಈ ಕೆಲಸದ ಬಗ್ಗೆ ಹೊರಗೆ ಬಾಯಿ ಬಿಡುವಂತಿರಲಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಫೋನು ಕೊಟ್ಟು ಒಳಗೆ ಹೋದರೆ ಸಂಜೆಯೇ ಅದು ಕೈಗೆ ಸಿಗುತ್ತಿದ್ದದ್ದು. ಉಳಿದವರು ಗೇಟಿನ ಬಳಿ ನಿಂತುಕೊಂಡೇ ಮಿಸ್ಡ್ ಕಾಲ್ ನೋಡಿ ಮನೆಗೆ ಫೋನು ಮಾಡುತ್ತಿದ್ದರು. ನನ್ನ ಫೋನಿನಲ್ಲಿ ಅಪಾರ್ಟ್‌ಮೆಂಟಿನವರ ನೀರಿನ ಟ್ಯಾಂಕರ್ ಸೂಚನೆ ಇರುತ್ತಿತ್ತು. ಕೆಲಸದ ವಿಷಯ ಯಾರಿಗೂ ಹೇಳಬಾರದೆಂಬ ನಿಯಮ ನನಗೆ ಕಷ್ಟವೆನಿಸಲಿಲ್ಲ, ಏಕೆಂದರೆ ಕೇಳುವವರು ಯಾರೂ ಇರಲಿಲ್ಲ.

ನನ್ನ ಗಂಡನ ಆಫೀಸು ಊರಿನ ಇನ್ನೊಂದು ತುದಿಯ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಮದುವೆಯಾದ ಹೊಸತರಲ್ಲಿ ನಡುವೆ ಎಲ್ಲೋ ಮನೆ ಹಿಡಿದಿದ್ದೆವು. ಇಬ್ಬರಿಗೂ ಎರಡೆರಡು ಗಂಟೆಯ ದಾರಿ. ಆಮೇಲೆ ಅವರು ವಾರದ ದಿನಗಳಿಗೆಂದು ಅಲ್ಲೇ ಒಂದು ಕೋಣೆ ಮಾಡಿದರು, ನಾನು ಶೆಡ್ಡಿಗೆ ಹತ್ತಿರವಾಗುವ ದಾಸರಹಳ್ಳಿಗೆ ಬಂದೆ. ಮೊದಮೊದಲು ಪ್ರತಿ ಶನಿವಾರ ಬರುತ್ತಿದ್ದರು. ಆಮೇಲೆ ಶನಿವಾರ ಬಿಟ್ಟು ಶನಿವಾರ. ಆಮೇಲೆ ಹಬ್ಬಕ್ಕೆ. ಜಗಳ ಆಗಲಿಲ್ಲ. ಬೇರೆಯಾಗೋಣ ಎಂದು ಇಬ್ಬರೂ ಹೇಳಲಿಲ್ಲ. ಹಾವೇರಿಯಲ್ಲಿ ನನ್ನ ತವರಿನವರು ಈಗಲೂ ಫೋನಿನಲ್ಲಿ, “ಅಳಿಯಂದಿರು ಆರಾಮ ಅದಾರಿಲ್ಲೋ?” ಎಂದು ಕೇಳಿದರೆ, “ಅದಾರ” ಎನ್ನುತ್ತೇನೆ. ಅದು ಸುಳ್ಳೂ ಅಲ್ಲ.

ಯಂತ್ರ ತಯಾರಾಗಿ ಪರೀಕ್ಷೆ ಶುರುವಾದಾಗ ನೌಕಾಪಡೆಯಿಂದ ನಿವೃತ್ತರಾದ ಒಬ್ಬರನ್ನು ಸಲಹೆಗೆಂದು ಕರೆಸಿದರು. ಇಂಥದೇ ಹಳೆಯ ಯಂತ್ರದ ಪಕ್ಕದಲ್ಲಿ, ಹಡಗಿನ ಕೆಳಗಿನ ಕೋಣೆಯಲ್ಲಿ, ಬಹಳ ವರ್ಷ ದುಡಿದವರು. ಎಲ್ಲರೂ ಅವರನ್ನು ಚೀಫ್ ಎನ್ನುತ್ತಿದ್ದರು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಚ್ಚು ಮಾತಿಲ್ಲ. ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೆಳಿಗ್ಗೆಯಿಂದ ಸಂಜೆಯವರೆಗೆ ಯಂತ್ರವನ್ನು ನೋಡುತ್ತಿದ್ದರು.

ಮೂರನೆಯ ದಿನ ಕ್ಯಾಂಟೀನಿನಲ್ಲಿ ಅನ್ನ ಬಡಿಸುವವರಿಗೆ ನಾನು “ಸಾಕ್ರಿ” ಎಂದೆ. ಹಿಂದೆ ನಿಂತಿದ್ದ ಚೀಫ್ ಮೆಲ್ಲಗೆ ಕೇಳಿದರು.

“ಮೇಡಂ, ನೀವು ನಮ್ಮ ಕಡೆಯವ್ರೇನ್ರಿ?”

“ಹಾವೇರಿ ಕಡೆಯಾಕಿರಿ. ಹೆಂಗ ಗೊತ್ತಾತ್ರಿ?”

“ಇಲ್ಲಿ ಮಂದಿ ಸಾಕು ಅಂತಾರ. ನೀವು ಸಾಕ್ರಿ ಅಂದ್ರಿ.” ಅವರದು ಗೋಕಾಕದ ಹತ್ತಿರದ ಊರು.

ಅಂದಿನಿಂದ ಮಧ್ಯಾಹ್ನದ ಊಟಕ್ಕೆ ಒಂದೇ ಮೇಜಿಗೆ ಕೂರತೊಡಗಿದೆವು. ಒಂದು ದಿನ ಅವರು ನನ್ನ ಯಜಮಾನರ ಬಗ್ಗೆ ಕೇಳಿದರು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇರುತ್ತಾರೆ ಎಂದೆ. ಅಷ್ಟಕ್ಕೇ ಅವರಿಗೆ ಅರ್ಥವಾಯಿತೆಂದು ಕಾಣುತ್ತದೆ. “ನಾನೂ ಮನೀಗೆ ವರ್ಷಕ್ಕ ಎರಡು ಸಲ ಹೋಗ್ತಿದ್ದೆ” ಎಂದಷ್ಟೇ ಹೇಳಿ ಮಜ್ಜಿಗೆ ಕುಡಿದರು. ಮುಂದೆ ಎಂದೂ ಆ ವಿಷಯ ಎತ್ತಲಿಲ್ಲ.

ಪರೀಕ್ಷೆಗೆ ನಿಜವಾದ ಗುಂಡು ಬಳಸುವುದಿಲ್ಲ. ಅದೇ ಆಕಾರ, ಅದೇ ತೂಕದ, ಮದ್ದಿಲ್ಲದ ಡಮ್ಮಿಗಳು ಇರುತ್ತವೆ. ಎರಡು ವರ್ಷದ ಕೂಸಿನಷ್ಟು ಭಾರ. ಒಂದೊಂದೇ ಡಮ್ಮಿ ಪೀಠದಿಂದ ಲಿಫ್ಟಿಗೆ ಹೋಗಬೇಕು. ಹೋಗುತ್ತಲೂ ಇತ್ತು. ಆದರೆ ಇದ್ದಕ್ಕಿದ್ದಂತೆ ಒಂದು ಡಮ್ಮಿ ಲಿಫ್ಟಿನೊಳಗೆ ಗುಂಡು ಇಳಿಯುವ ತೊಟ್ಟಿಲಲ್ಲಿ ಸರಿಯಾಗಿ ಕೂರಲಿಲ್ಲವೆಂದು ಸೆನ್ಸರು ಹೇಳಿ ಯಂತ್ರ ನಿಂತುಬಿಡುತ್ತಿತ್ತು. ಹೋಗಿ ನೋಡಿದರೆ ಸರಿಯಾಗಿಯೇ ಕೂತಿರುತ್ತಿತ್ತು.

ನಮ್ಮ ಫಿಟ್ಟರ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಮೇಡಂ, ಮೂವತ್ತ್ ಸಲ ನೀಟಾಗಿ ಹೋಗತ್ತೆ, ಮೂವತ್ತೊಂದನೇದಕ್ಕೆ ಕೈ ಕೊಡತ್ತೆ. ಮೆಕ್ಯಾನಿಕಲ್ ಎಲ್ಲಾ ಓಕೆ ಇದೆ. ನಿಮ್ ಪ್ರೋಗ್ರಾಂ ಒಂದ್ಸಲ ನೋಡಿ.”

ನೋಡಿದೆ. ಹತ್ತು ದಿನ ನೋಡಿದೆ. ಸೆನ್ಸರ್ ಬದಲಿಸಿದೆವು. ವೇಗ ಇಳಿಸಿದರೆ ತೊಂದರೆ ಇರಲಿಲ್ಲ, ಆದರೆ ಆ ವೇಗವನ್ನು ನೌಕಾಪಡೆ ಒಪ್ಪುವಂತಿರಲಿಲ್ಲ. ಮ್ಯಾನೇಜರು ದಿನಾ ಬಂದು, “ಏನಾಯ್ತು ಮೇಡಂ? ಫ್ರೈಡೇ ಒಳಗೆ ಕ್ಲೋಸ್ ಮಾಡ್ಬೇಕು ಕಣ್ರೀ, ಪ್ರೆಷರ್ ಜಾಸ್ತಿ ಇದೆ” ಎಂದು ಹೇಳಿ ಹೋಗುತ್ತಿದ್ದರು. ಮೀಟಿಂಗಿನಲ್ಲಿ ಎಲ್ಲರೂ ನನ್ನತ್ತ ನೋಡುತ್ತಿದ್ದರು. ತಪ್ಪು ನನ್ನದೇ ಇರಬೇಕೆಂದು ನನಗೂ ಅನ್ನಿಸತೊಡಗಿತ್ತು. ಮೆಟ್ರೋದಲ್ಲಿ ಬರುವಾಗ ಕಣ್ಣು ಮುಚ್ಚಿದರೆ ಆ ತೊಟ್ಟಿಲೇ ಕಾಣುತ್ತಿತ್ತು.

ಕೊನೆಗೆ ಚೀಫ್ ಅವರನ್ನೇ ಕೇಳಿದೆ. ಮೊದಲೇ ಏಕೆ ಕೇಳಲಿಲ್ಲವೋ ನನಗೆ ಗೊತ್ತಿಲ್ಲ.

“ಹಳೇದರಾಗ ಹಿಂಗ ನಿಲ್ಲತಿತ್ತೇನ್ರಿ?”

“ಇಲ್ರಿ. ಅಲ್ಲಿ ನನ್ನ ಕೈ ಇರತಿತ್ತು.”

ನನಗೆ ತಿಳಿಯಲಿಲ್ಲ. ಅವರು ಕುರ್ಚಿಯಿಂದ ಎದ್ದು ಬಂದು ಬಲಗೈ ಚಾಚಿ ತೋರಿಸಿದರು. ಗುಂಡು ಪೀಠದಿಂದ ಜಾರಿ ತೊಟ್ಟಿಲಿಗೆ ಬರುವ ಹೊತ್ತಿಗೆ ಅವರು ಅದರ ಬುಡಕ್ಕೆ ಅಂಗೈ ಆನಿಸುತ್ತಿದ್ದರಂತೆ. ಅರೆಗಳಿಗೆ ಅಷ್ಟೇ. ಹಾಗೆ ಮಾಡಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಅವರಿಗೆ ಕಲಿಸಿದವರೂ ಹಾಗೇ ಮಾಡುತ್ತಿದ್ದರು. ಹಳೆಯ ಯಂತ್ರದ ನಕ್ಷೆಗಳನ್ನೆಲ್ಲ ನಾನು ಓದಿದ್ದೆ. ಅವುಗಳಲ್ಲಿ ಆ ಕೈ ಇರಲಿಲ್ಲ.

“ಇಷ್ಟು ದಿನ ನೋಡಕೋತ ಕುಂತಿದ್ರಿ, ಹೇಳಬಾರದೇನ್ರಿ?” ಎಂದೆ. ನನ್ನ ದನಿ ಸ್ವಲ್ಪ ಗಡುಸಾಗಿತ್ತು.

“ನೀವೆಲ್ಲಾ ಕಂಪ್ಯೂಟರ್‌ನ್ಯಾಗ ಹುಡುಕಾಕತ್ತಿದ್ರಿ. ನನ್ನ ಕೈ ಬಗ್ಗೆ ಏನಂತ ಹೇಳ್ಲಿ?” ಎಂದರು.

ಕರೆಂಟು ಬಂದ್ ಮಾಡಿಸಿ, ಕೈಯಿಂದ ಹಿಡಿಕೆ ತಿರುಗಿಸಿ, ಡಮ್ಮಿಯನ್ನು ನಿಧಾನಕ್ಕೆ ದಾಟಿಸಿದೆವು. ಚೀಫ್ ಅಂಗೈ ಇಟ್ಟರು. ಡಮ್ಮಿ ಮಲಗಿಸಿದಂತೆ ಕೂತಿತು. ಕೈ ಇಲ್ಲದೆ ಮಾಡಿದಾಗ, ಹತ್ತಿರದಿಂದ ನೋಡಿದರೆ, ಕೂತ ಮೇಲೆ ಒಮ್ಮೆ ಸಣ್ಣಗೆ ಪುಟಿಯುತ್ತಿತ್ತು. ಪೂರ್ತಿ ವೇಗದಲ್ಲಿ ಅದೇ ಪುಟಿತ ಒಮ್ಮೊಮ್ಮೆ ದೊಡ್ಡದಾದಾಗ ಸೆನ್ಸರು ಹೆದರುತ್ತಿದ್ದದ್ದು. ಫಿಟ್ಟರ್ ತನ್ನ ಸ್ಕೂಟರಿನ ಡಿಕ್ಕಿಯಿಂದ ಲಗೇಜು ತೂಗುವ ಕೊಕ್ಕೆತಕ್ಕಡಿ ತಂದ. ಚೀಫ್ ಎಷ್ಟು ಬಲ ಹಾಕುತ್ತಾರೆಂದು ಅಳೆಯಲು ಅದನ್ನು ಡಮ್ಮಿಗೆ ಕಟ್ಟಿ, ಅವರಿಂದ ಅಂಗೈಯಲ್ಲಿ ಒತ್ತಿಸಿದೆವು. ಅವರು ಕಣ್ಣು ಮುಚ್ಚಿ ನಿಂತು ಹತ್ತು ಸಲ ಮಾಡಿದರು. ಹತ್ತು ಸಲವೂ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಂತಿತು.

ಬಲದ ಅಳತೆ ಸಿಕ್ಕಿತು. ಆದರೆ ಕೈ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ನನಗೆ ಹಿಡಿಯಲಾಗಲಿಲ್ಲ.

“ನಿಮ್ಮ ಕೈ ನನ್ನ ಕೈ ಮ್ಯಾಲ ಇಡ್ರಿ, ತಿಳೀತೈತಿ” ಎಂದರು.

ನಾನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡೆ. ಆಮೇಲೆ ಇಟ್ಟೆ. ಒಣಗಿದ, ಬೆಚ್ಚಗಿನ, ಒರಟು ಕೈ. ಯಾರದಾದರೂ ಕೈ ಮುಟ್ಟಿ ನನಗೆ ಎಷ್ಟು ದಿನವಾಗಿತ್ತೆಂದು ಆಗ ತಿಳಿಯಿತು. ಫಿಟ್ಟರ್ ಹಿಡಿಕೆ ತಿರುಗಿಸಿದ. ಡಮ್ಮಿ ಬಂತು. ಚೀಫ್ ಕೈ ಅದಕ್ಕೆ ಎದುರಾಗಲಿಲ್ಲ. ಡಮ್ಮಿ ತಾಗುವ ಮೊದಲೇ ಕೈ ಅದರ ಜೊತೆಗೇ ಸ್ವಲ್ಪ ಹಿಂದೆ ಸರಿದು, ನಿಂತಿತು.

“ತಡಿಯೂದಲ್ರಿ. ಇಸಕೊಳ್ಳೂದು.”

ಇನ್ನೊಮ್ಮೆ ಮಾಡೋಣ ಎಂದೆ. ಮತ್ತೆ ಇನ್ನೊಮ್ಮೆ. ಮೊದಲ ಸಲಕ್ಕೇ ನನಗೆ ಅರ್ಥವಾಗಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಪೀಣ್ಯದ ಒಂದು ಲೇತ್ ಅಂಗಡಿಯಲ್ಲಿ ರಬ್ಬರು ಸುತ್ತಿದ ಸಣ್ಣ ರೋಲರ್ ಮಾಡಿಸಿ, ಹಿಂದೆ ಸ್ಪ್ರಿಂಗ್ ಕೊಟ್ಟು, ಚೀಫ್ ಅಂಗೈ ಇಟ್ಟ ಜಾಗದಲ್ಲಿ ಕೂಡಿಸಿದೆವು. ಮೊದಲನೆಯದು ಬಿಗಿಯಾಯಿತು, ಎರಡನೆಯದು ಸಡಿಲ. ಮೂರನೆಯದನ್ನು ಚೀಫ್ ಹೆಬ್ಬೆರಳಿನಿಂದ ಒತ್ತಿ ನೋಡಿ, “ಇದು ಆಗತೈತಿ” ಎಂದರು. ಮರುದಿನ ಬೆಳಗಿನಿಂದ ಸಂಜೆಯವರೆಗೆ ಯಂತ್ರ ಪೂರ್ತಿ ವೇಗದಲ್ಲಿ ಓಡಿತು. ಒಮ್ಮೆಯೂ ನಿಲ್ಲಲಿಲ್ಲ. ಮ್ಯಾನೇಜರು ಬಂದು, “ಸಕ್ಕತ್ ಮೇಡಂ” ಎಂದು ಎಲ್ಲರಿಗೂ ಟೀ ತರಿಸಿದರು.

ಚೀಫ್ ಟೀ ಹಿಡಿದುಕೊಂಡು ಯಂತ್ರವನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಕೂತೆ.

“ಬ್ಯಾಸರಾತೇನ್ರಿ?”

“ಇಲ್ರಿ. ಆ ಖೋಲಿಯೊಳಗ ಭಾಳ ಕುದಿ, ಉಸಿರು ಕಟ್ಟತಿತ್ತು. ಒಬ್ಬನ ಕೈದು ಎರಡು ಬಟ್ಟು ಹೋದ್ವು, ನನ್ನ ಕಣ್ಣ ಮುಂದ. ಅಲ್ಲಿ ಯಾರೂ ಇರಬಾರದು, ಅದು ಖರೆ.” ಟೀ ಒಂದು ಗುಟುಕು ಕುಡಿದು ಮತ್ತೆ ಹೇಳಿದರು. “ಆದ್ರ ನಾಕು ಮಂದಿ ಇದ್ವಿ. ಮಾತಾಡಕೋತ ಇರ್ತಿದ್ವಿ.”

ಆ ವಾರಾಂತ್ಯಕ್ಕೆ ಅವರ ಕೆಲಸ ಮುಗಿಯಿತು. ಹೋಗುವಾಗ ಎಲ್ಲರಿಗೂ ಕೈ ಮುಗಿದರು. ವರದಿಯಲ್ಲಿ ನಾನು ಅವರ ಬಗ್ಗೆ ಒಂದು ಪ್ಯಾರಾ ಬರೆದಿದ್ದೆ. ತಿದ್ದಿ ವಾಪಸು ಬಂದ ಪ್ರತಿಯಲ್ಲಿ, ರೋಲರ್ ಒಂದನ್ನು ಸೇರಿಸಲಾಗಿದೆ ಎಂಬ ಒಂದು ಸಾಲು ಮಾತ್ರ ಉಳಿದಿತ್ತು. ನಾನು ಜಗಳವಾಡಬೇಕಿತ್ತು. ಆಡಲಿಲ್ಲ.

ಕೆಲವು ತಿಂಗಳ ನಂತರ ಯಂತ್ರವನ್ನು ಹಡಗಿಗೆ ಕೂಡಿಸಿದಾಗ ಬಂದರಿಗೆ ನನ್ನನ್ನೂ ಕಳಿಸಿದರು. ಕಬ್ಬಿಣದ ಏಣಿ ಇಳಿದು ಆ ಕೋಣೆಗೆ ಹೋದೆ. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ನಾಲ್ಕು ಜನ ನಿಂತರೆ ಭುಜಕ್ಕೆ ಭುಜ ತಾಗಬೇಕು. ಯಂತ್ರದ ತಂತಿಗಳನ್ನು ನೋಡಿ ಮುಗಿಸುವಷ್ಟರಲ್ಲಿ ಮೇಲಿನಿಂದ ಒಬ್ಬ ಅಧಿಕಾರಿ ಬಗ್ಗಿ, “ಮೇಡಂ, ಕೆಳಗೆ ಯಾರೂ ಇರುವಂತಿಲ್ಲ, ಬನ್ನಿ” ಎಂದರು. ನಾನು ಹತ್ತಿ ಬಂದ ಮೇಲೆ ಮುಚ್ಚಳ ಹಾಕಿ ತಿರುಗಿಸಿ ಬಿಗಿ ಮಾಡಿದರು. ಯಂತ್ರ ಶುರುವಾಯಿತು. ಕಾಲ ಕೆಳಗಿನ ಉಕ್ಕಿನಲ್ಲಿ ಸಣ್ಣ ನಡುಕ ಮಾತ್ರ ತಿಳಿಯುತ್ತಿತ್ತು.

ಸಂಜೆ ಬಂದರಿನಿಂದ ಹೊರಗೆ ಬಂದು ಚೀಫ್‌ಗೆ ಫೋನು ಮಾಡಿದೆ.

“ಓಡಿತೇನ್ರಿ?” ಎಂದರು.

“ಓಡಿತ್ರಿ.”

ಆ ಕಡೆ ಎಮ್ಮೆ ಕೂಗಿದ್ದು ಕೇಳಿಸಿತು. “ಚಲೋ ಆತು. ಹೊತ್ತಿಗೆ ಸರಿಯಾಗಿ ಊಟ ಮಾಡ್ರಿ” ಎಂದು ಹೇಳಿ ಇಟ್ಟರು. ಆಮೇಲೆ ನಾನೂ ಮಾಡಲಿಲ್ಲ, ಅವರೂ ಮಾಡಲಿಲ್ಲ. ಸೋಮವಾರ ಮಾಕಳಿಗೆ ಬಂದಾಗ ಶೆಡ್ಡಿನ ಆ ಜಾಗದಲ್ಲಿ ಔಷಧದ ಡಬ್ಬಿ ತುಂಬುವ ಬೇರೊಂದು ಯಂತ್ರ ಇಳಿಸಿದ್ದರು. ಅದರ ಪ್ರೋಗ್ರಾಂ ಕೂಡ ನನ್ನದೇ ಎಂದು ಮ್ಯಾನೇಜರು ಹೇಳಿದರು.