ಸರ್ವರ್ ಮೇಡಂ ಬಾಗಿಲು ಬಿಡಲಿಲ್ಲ

ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಅವರ ಮೈಮೇಲೆ ಕಂದುಬಣ್ಣದ ಸ್ವೆಟರ್ ಇರುತ್ತಿತ್ತು. ಕಿವಿ ಮುಚ್ಚುವಂತೆ ಸುತ್ತಿದ ಮಫ್ಲರ್, ಕಾಲಿಗೆ ಸಾಕ್ಸು, ಆ ಸಾಕ್ಸಿನ ಮೇಲೆಯೇ ಹೆಬ್ಬೆರಳ ಸಂದಿಗೆ ಪಟ್ಟಿ ತುರುಕಿ ಮೆಟ್ಟಿದ ಹವಾಯಿ ಚಪ್ಪಲಿ. ಜಯನಗರದ ನಮ್ಮ ಸ್ಕ್ಯಾನ್ ಸೆಂಟರಿನ ಸರ್ವರ್ ರೂಮಿನಲ್ಲಿ ಎ.ಸಿ. ಸದಾ ಕೊರೆಯುತ್ತಿತ್ತು, ಅದಕ್ಕೆ ಈ ವೇಷ. ಮಧ್ಯಾಹ್ನ ಕಾಫಿಗೆಂದು ಹಾಗೆಯೇ ರಸ್ತೆಗಿಳಿದರೆ ಹೂ ಕಟ್ಟುವವರು ಕೈ ನಿಲ್ಲಿಸಿ ನೋಡುತ್ತಿದ್ದರು. ನಾವೆಲ್ಲ ಅವರನ್ನು ಸರ್ವರ್ ಮೇಡಂ ಎನ್ನುತ್ತಿದ್ದೆವು. ಬೆನ್ನ ಹಿಂದೆ ಅಂದದ್ದನ್ನು ಇಲ್ಲಿ ಬರೆಯಲಾಗದು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಆ ಹೆಂಗಸನ್ನು ಕಂಡರೆ ಆಗುತ್ತಿರಲಿಲ್ಲ. ಈಗಲೂ ನೆನೆದರೆ ಮೈ ಉರಿಯುತ್ತದೆ. ಹುಬ್ಬಳ್ಳಿಯಿಂದ ಬಂದು, ಬಿಟಿಎಂನಲ್ಲಿ ಗೆಳೆಯರ ಜೊತೆ ರೂಮು ಹಿಡಿದು, ಆ ಸೆಂಟರಿನ ರಿಸೆಪ್ಷನ್ನಿನಲ್ಲಿ ಕೆಲಸಕ್ಕೆ ಸೇರಿದ ಹೊಸತು. "ಮೇಡಂ, ಕಂಪ್ಯೂಟರ್ ಭಾಳ ನಿಧಾನ ಆಗೇತ್ರಿ, ಸ್ವಲ್ಪ ನೋಡ್ರಿ" ಎಂದೆ. ಅವರು ಮಫ್ಲರ್ ಸರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ರೀ, ಕೇಳ್ತಾ ಇದೀರೋ, ಜಗಳಕ್ಕೆ ಬಂದಿದೀರೋ?"

ಅಂದಿನಿಂದ ನನ್ನ ಹೆಸರು ಹೋಗಿ ‘ಹುಬ್ಬಳ್ಳಿ’ ಆಯಿತು. ಕಾಯುವ ಸಾಲಿನಲ್ಲಿ ಪೇಷಂಟುಗಳು ತುಂಬಿರುವಾಗಲೇ ಒಳಗಿಂದ ಕೂಗು ಬರುತ್ತಿತ್ತು: "ರೀ ಹುಬ್ಬಳ್ಳಿ, ಕೀಬೋರ್ಡ್ ಮೇಲೆ ಚಕ್ಲಿ ಚೂರು ಯಾರ್ರೀ ಬೀಳ್ಸಿದ್ದು?" ಹೊಟ್ಟೆನೋವು ಹಿಡಿದು ಕೂತವರೂ ನಗುತ್ತಿದ್ದರು. ನಾನು ಚಕ್ಕುಲಿ ತಿಂದವನೇ ಅಲ್ಲ. ಆದರೆ ಅವರ ಕೋರ್ಟಿನಲ್ಲಿ ವಾದಕ್ಕೆ ಅವಕಾಶವಿರಲಿಲ್ಲ.

ಅವರ ಪ್ರಾಣವೆಲ್ಲ ಒಂದು ಕಪ್ಪು ಪೆಟ್ಟಿಗೆಯಲ್ಲಿತ್ತು. ಅದರ ಮುಂಭಾಗದಲ್ಲಿ ಸಾಲಾಗಿ ಖಾನೆಗಳು, ಕೆಲವು ಖಾಲಿ, ಉಳಿದ ಒಂದೊಂದರಲ್ಲೂ ಒಂದು ಹಾರ್ಡ್ ಡಿಸ್ಕ್, ಒಂದು ಹಸಿರು ದೀಪ. ಹೀಗೆ ಡಿಸ್ಕುಗಳನ್ನು ಕೂಡಿಸಿ ದುಡಿಸುವುದಕ್ಕೆ ರೇಡ್ ಎನ್ನುತ್ತಾರೆ. ಒಳಗೆ ಎಷ್ಟೇ ಡಿಸ್ಕುಗಳಿರಲಿ, ಕಂಪ್ಯೂಟರಿನ ಕಣ್ಣಿಗೆ ಎಲ್ಲ ಸೇರಿ ಒಂದೇ ದೊಡ್ಡ ಡಿಸ್ಕು. ಒಂದು ಕೆಟ್ಟರೆ ಉಳಿದವು ಅದರ ಹೊರೆಯನ್ನೂ ಹೊರುತ್ತವೆ. ಸೆಂಟರಿನಲ್ಲಿ ತೆಗೆದ ತಲೆ, ಎದೆ, ಬೆನ್ನು, ಹೊಟ್ಟೆ ಎಲ್ಲವೂ ಹೋಗಿ ಸೇರುತ್ತಿದ್ದದ್ದು ಅಲ್ಲಿಗೇ.

ಆ ವರ್ಷ ಅದು ತುಂಬಿಹೋಯಿತು. ಸೆಂಟರಿನ ಮಾಲೀಕರಾದ ದೊಡ್ಡ ಡಾಕ್ಟರು ಸುಲಭದ ದಾರಿ ಹೇಳಿದರು: "ಹಳೇ ಸ್ಕ್ಯಾನ್ ಎಲ್ಲ ಯಾರಿಗ್ರೀ ಬೇಕು? ಅಳಿಸಿ ಹಾಕಿ."

"ಅಳ್ಸಲ್ಲ ಸಾರ್. ಹೊಸ ಡಿಸ್ಕ್ ತರ್ಸಿ. ಇಲ್ಲಾಂದ್ರೆ ಸ್ಕ್ಯಾನ್ ನಿಲ್ಸಿ."

ಡಾಕ್ಟರು ತರಿಸಲಿಲ್ಲ. ಒಂದು ಬೆಳಿಗ್ಗೆ ನಿಜಕ್ಕೂ ಸ್ಕ್ಯಾನ್ ನಿಂತಿತು. ಬೈಗುಳ ಯಾರ ತಲೆಗೆ? ನನ್ನ ತಲೆಗೆ. ಖಾಲಿ ಹೊಟ್ಟೆಯಲ್ಲಿ ಬಂದವರು, ಆಫೀಸಿಗೆ ರಜೆ ಹಾಕಿ ಬಂದವರು, ಎಲ್ಲರೂ ನನ್ನ ಮೇಲೆ ಬಿದ್ದರು. ಒಬ್ಬ ಅಜ್ಜ ಊರುಗೋಲಿನಿಂದ ಮೇಜು ಕುಟ್ಟಿದರು. ತಡೆಯಲಾಗದೆ ಸರ್ವರ್ ರೂಮಿಗೆ ನುಗ್ಗಿದೆ.

"ಏನರ ಮಾಡ್ರಿ ಮೇಡಂ, ಮಂದಿ ನನ್ನ ಹರಕೊಂಡು ತಿನ್ನಾಕತ್ತಾರ."

"ತಿನ್ಲಿ ಬಿಡಿ. ನಾಳೆ ನೀವು ಮತ್ತೆ ಬಂದು ಕೂತ್ಕೋತೀರಾ. ಅಳ್ಸಿದ್ದು ಮತ್ತೆ ಬರಲ್ಲ."

ಮನುಷ್ಯರಿಗಿಂತ ಡಿಸ್ಕು ಹೆಚ್ಚಾದ ಇಂಥ ಹೆಂಗಸಿನ ಜೊತೆ ಹೇಗೆ ಬಾಳುವುದು ಹೇಳಿ. ಜನರ ಗಲಾಟೆ ಕೇಳಿ ಕೊನೆಗೆ ಡಾಕ್ಟರೇ ಸೋತು ಡಿಸ್ಕಿಗೆ ಆರ್ಡರ್ ಕೊಟ್ಟರು. ಅವು ಬರುವಷ್ಟರಲ್ಲಿ ದಸರೆ ಬಂದಿತ್ತು.

ಅದೇ ಹೊತ್ತಿಗೆ ನಮ್ಮ ಮನೆಗೆ ಸಿಡಿಲು ಬಡಿಯಿತು. ಕತ್ರಿಗುಪ್ಪೆಯಲ್ಲಿದ್ದ ನನ್ನ ಅಕ್ಕನಿಗೆ ಮತ್ತೆ ತಲೆನೋವು ಶುರುವಾಯಿತು. ಕೆಲವು ವರ್ಷಗಳ ಹಿಂದೆ, ನಾನು ಕೆಲಸಕ್ಕೆ ಸೇರುವ ಮುಂಚೆ, ಅವಳು ಬಚ್ಚಲಲ್ಲಿ ಜಾರಿಬಿದ್ದಾಗ ಇದೇ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿದ್ದರು. ಮಿದುಳಿನಲ್ಲಿ ಕಾಳಿನಷ್ಟು ಗಾತ್ರದ ಒಂದು ಗಂಟು ಕಂಡಿತ್ತು, ಭಯವಿಲ್ಲ ಎಂದಿದ್ದರು. ಈಗ ಆಸ್ಪತ್ರೆಯ ಸರ್ಜನ್ ಹೊಸ ಸ್ಕ್ಯಾನ್ ನೋಡಿ, "ಹಳೆಯದನ್ನು ತನ್ನಿ. ಗಂಟು ಆಗಿನಷ್ಟೇ ಇದ್ದರೆ ಮುಟ್ಟುವುದು ಬೇಡ. ಬೆಳೆದಿದ್ದರೆ ತಲೆ ತೆರೆಯಲೇಬೇಕು" ಎಂದರು. ಹಳೆಯ ಫಿಲ್ಮು ಮನೆ ಬದಲಾಯಿಸುವಾಗ ಎಲ್ಲೋ ಕಳೆದುಹೋಗಿತ್ತು. ಉಳಿದದ್ದು ಆ ಕಪ್ಪು ಪೆಟ್ಟಿಗೆಯೊಳಗಿನ ಚಿತ್ರ ಮಾತ್ರ.

ಆಯುಧ ಪೂಜೆಯ ಹಿಂದಿನ ದಿನ ಓಡಿಹೋಗಿ ಕೇಳಿದೆ. ಮೇಡಂ ಆಗಷ್ಟೇ ಖಾಲಿ ಖಾನೆಗಳಿಗೆ ಹೊಸ ಡಿಸ್ಕು ತುರುಕಿ, ಆ ಒಂದು ದೊಡ್ಡ ಡಿಸ್ಕನ್ನು ಇನ್ನೂ ದೊಡ್ಡದು ಮಾಡುವ ಕೆಲಸ ಹಚ್ಚಿದ್ದರು. ಹಬ್ಬದ ರಜೆಯಲ್ಲಿ ಯಾರ ಕಾಟವೂ ಇರುವುದಿಲ್ಲ ಎಂಬ ಲೆಕ್ಕ.

"ಇದು ಮುಗಿಯೋ ತನಕ ಯಾವುದನ್ನೂ ಮುಟ್ಟಲ್ಲ."

"ನಮ್ಮ ಅಕ್ಕಂದ್ರೀ ಮೇಡಂ. ಜೀವದ ಪ್ರಶ್ನೆ ಐತ್ರಿ."

"ಯಾರದ್ದಾದ್ರೂ ಅಷ್ಟೆ. ಈಗ ಒಳಗಿರೋದೆಲ್ಲ ಎತ್ತಿ ಎತ್ತಿ ಹಳೇ ಡಿಸ್ಕು, ಹೊಸ ಡಿಸ್ಕು ಎಲ್ಲದಕ್ಕೂ ಸಮವಾಗಿ ಹಂಚ್ತಾ ಇದೆ. ಮನೆ ಸಾಮಾನೆಲ್ಲ ನಡುಮನೇಲಿ ಹರಡ್ಕೊಂಡಿರೋವಾಗ ನೆಂಟರನ್ನ ಕರೀತೀರೇನ್ರೀ? ಈ ಪೆಟ್ಟಿಗೆ ಒಳಗಿನ ಬ್ಯಾಟರಿ ಬೇರೆ ಸತ್ತಿದೆ. ನಡುವೆ ಕರೆಂಟ್ ಹೋದ್ರೆ ಎಲ್ಲಾ ಹೋಯ್ತು. ಇನ್ನೊಂದು ಕಾಪಿ ಇಟ್ಕೊಳೋಣ ಅಂದ್ರೆ ಡಾಕ್ಟ್ರು ಅದಕ್ಕೂ ಏನೂ ಕೊಡ್ಸಿಲ್ಲ. ನಡೀರಿ ಆಚೆಗೆ."

ನಿಮ್ಮ ಪೆಟ್ಟಿಗೆ ಹಾಳಾಗಿ ಹೋಗಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಒಳಗೆ ಅಕ್ಕ ಇದ್ದಾಳಲ್ಲ ಎಂದು ನುಂಗಿಕೊಂಡೆ.

ಮರುದಿನ ಪೂಜೆ. ಸ್ಕ್ಯಾನ್ ಯಂತ್ರಕ್ಕೆ ಬಾಳೆಕಂದು, ಮಾವಿನ ತೋರಣ. ಪ್ರಿಂಟರಿನಿಂದ ಹಿಡಿದು ಕಾಫಿ ಮೆಷಿನ್ನಿನ ತನಕ ಎಲ್ಲಕ್ಕೂ ಅರಿಶಿನ ಕುಂಕುಮ. ಒಂದೊಂದನ್ನೂ ಆಫ್ ಮಾಡಿಸಿ, ಒರೆಸಿ, ಹೂವಿಟ್ಟು ಬರುತ್ತಿದ್ದ ಡಾಕ್ಟರ ತಾಯಿ ಆರತಿ ತಟ್ಟೆ ಹಿಡಿದು ಸರ್ವರ್ ರೂಮಿನ ಮುಂದೆ ನಿಂತರು. ರಜೆಯಿದ್ದರೂ ಮೇಡಂ ಬಂದಿದ್ದರು. ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ, ಮಫ್ಲರ್ ಸುತ್ತಿಕೊಂಡು ಕೂತಿದ್ದರು.

"ಅದನ್ನೂ ಆಫ್ ಮಾಡಮ್ಮ. ವರ್ಷಕ್ಕೊಂದಿನ ಆಯುಧಕ್ಕೂ ವಿಶ್ರಾಂತಿ ಬೇಡ್ವೇ?" ಎಂದರು ತಾಯಿ.

"ಆಗಲ್ಲಮ್ಮ. ಅದು ಕೆಲಸದ ಮಧ್ಯದಲ್ಲಿದೆ. ಪೂಜೆ ಆಗ್ಲೇಬೇಕು ಅಂದ್ರೆ ನನಗೇ ಮಾಡಿ. ನಾನೂ ಈ ಸೆಂಟರಿನ ಆಯುಧಾನೇ."

ಯಾರೋ ಕಿಸಕ್ಕನೆ ನಕ್ಕರು. ಡಾಕ್ಟರ ಮುಖ ಕೆಂಪಾಯಿತು. ನೆಂಟರಿಷ್ಟರು, ಕೆಲಸದವರು, ಪುರೋಹಿತರು, ಎಲ್ಲರ ಎದುರಿಗೆ ತಮ್ಮ ತಾಯಿಗೆ ಹೀಗೆ ಎದುರು ಮಾತಾಡಿದ್ದನ್ನು ಅವರಿಗೆ ಸಹಿಸಲಾಗಲಿಲ್ಲ. ಸರ್ವರ್ ರೂಮಿಗೆ ಕರೆಂಟು ಕೊಡುವ ಯುಪಿಎಸ್ ನನ್ನ ಮೇಜಿನ ಹಿಂದೆಯೇ ಇತ್ತು. ಅವರು ನನ್ನತ್ತ ತಿರುಗಿದರು.

"ನಿಮ್ಮ ಹಿಂದೆ ಇದೆಯಲ್ಲ ಸ್ವಿಚ್ಚು, ಆಫ್ ಮಾಡ್ರಿ. ಪೂಜೆ ಮುಗಿದ್ಮೇಲೆ ಹಾಕಿದ್ರಾಯ್ತು. ಏನೂ ಆಗಲ್ಲ."

ಸಂಬಳ ಕೊಡುವವರು ಹೇಳಿದ್ದು. ನನ್ನ ಕೈ ಸ್ವಿಚ್ಚಿನವರೆಗೆ ಹೋದದ್ದು ನಿಜ. ಮೇಡಂ ಕುರ್ಚಿ ಬಿಟ್ಟು ಏಳಲಿಲ್ಲ, ಕೂತಲ್ಲಿಂದಲೇ ಕೂಗಿದರು.

"ರೀ ಹುಬ್ಬಳ್ಳಿ! ನಿಮ್ ಅಕ್ಕ ಒಳಗಿದಾರೆ. ನೋಡ್ಕೊಂಡು ಮುಟ್ಟಿ."

ನನ್ನ ಕೈ ಅಲ್ಲೇ ನಿಂತಿತು. "ಆಗೂದಿಲ್ರಿ ಸರ" ಎಂದೆ. ಡಾಕ್ಟರು ತಾವೇ ಸ್ವಿಚ್ಚಿನತ್ತ ಬಂದರು, ನಾನು ಯುಪಿಎಸ್‌ಗೆ ಬೆನ್ನು ಕೊಟ್ಟು ನಿಂತೆ. ಅತ್ತ ಬಾಗಿಲಲ್ಲಿ ಮೇಡಂ, ಇತ್ತ ಸ್ವಿಚ್ಚಿನ ಮುಂದೆ ನಾನು. ಒಬ್ಬರ ಮುಖ ಒಬ್ಬರು ನೋಡಲಾಗದ ನಾವಿಬ್ಬರು. ಕೊನೆಗೆ ಆ ತಾಯಿಯೇ, "ಹೋಗ್ಲಿ ಬಿಡೋ, ಹಬ್ಬದ ದಿನ ಯಾಕೆ ರಂಪ" ಎಂದು ಬಾಗಿಲಿಗೆ ಕುಂಕುಮವಿಟ್ಟು, ಆರತಿ ಎತ್ತಿ ಮುಂದೆ ಹೋದರು.

ಹಬ್ಬ ಮುಗಿಯುವಷ್ಟರಲ್ಲಿ ಪೆಟ್ಟಿಗೆಯ ಕೆಲಸವೂ ಮುಗಿದಿತ್ತು. ಮೇಡಂ ಒಂದು ಸಿ.ಡಿ.ಯನ್ನು ನನ್ನ ಮೇಜಿನ ಮೇಲೆ ಎಸೆದರು. ನಾನು ಎದ್ದು ಕೈ ಜೋಡಿಸಲು ಹೋದೆ.

"ಅದೆಲ್ಲ ಬೇಡ. ನಿಮ್ ಅಕ್ಕಂಗೋಸ್ಕರ ಮಾಡಿಲ್ಲ. ಅದು ನನ್ ಕೆಲಸ. ಪೇಷಂಟ್ ಕಾಯ್ತಿದಾರೆ, ನೋಡಿ."

ಗಂಟು ಒಂದಿಷ್ಟೂ ಬೆಳೆದಿರಲಿಲ್ಲ. ಸರ್ಜನ್ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಮಾತ್ರೆ ಬರೆದು ಮನೆಗೆ ಕಳಿಸಿದರು. ಅಕ್ಕ ದಾರಿಯುದ್ದಕ್ಕೂ ಆಟೋದಲ್ಲಿ ಅತ್ತಳು, ನಾನೂ ಅತ್ತೆ.

ಡಾಕ್ಟರು ಮಾತ್ರ ಆ ಅವಮಾನ ಮರೆಯಲಿಲ್ಲ. ನನಗೆ ಬೈಗುಳದಲ್ಲೇ ಮುಗಿಯಿತು. ಮೇಡಂ ಕೆಲಸ ಹೋಯಿತು. ಹೊರಡುವ ದಿನ ಕೂಡ ಬಾಗಿಲಲ್ಲಿ ನಿಂತು, "ಹುಬ್ಬಳ್ಳಿ, ಹೊಸಬರು ಬರ್ತಾರೆ, ಅವರ ಹತ್ರನಾದ್ರೂ ಮನುಷ್ಯರ ಥರ ಮಾತಾಡಿ" ಎಂದೇ ಹೋದರು. ನನ್ನ ಕಣ್ಣಲ್ಲಿ ನೀರಿತ್ತು. ಆ ಮಾತು ಕೇಳಿ ಅದೂ ಆರಿಹೋಯಿತು.

ಅಕ್ಕ ಸುಮ್ಮನಿರುವವಳಲ್ಲ. ಸೀರೆ, ಹಣ್ಣು, ಕಾಯಿ ಹಿಡಿದು ನನ್ನನ್ನು ಎಳೆದುಕೊಂಡು ತಿಲಕ್ ನಗರದ ಅವರ ಮನೆಗೆ ಹೋದಳು. ಮೇಡಂ ತಮ್ಮನ ಸಂಸಾರದ ಜೊತೆ ಮಹಡಿಯ ಮೇಲಿದ್ದರು. ಬಾಗಿಲು ಅರ್ಧ ತೆರೆದರು. ಅಕ್ಕ ಕಾಲಿಗೆರಗಲು ಬಗ್ಗಿದ್ದೇ ತಡ, ಕಾಲು ಹಿಂದೆಳೆದುಕೊಂಡರು. "ಏಳ್ರಮ್ಮ, ನಾನೇನು ದೇವರಾ? ಸೀರೆ ವಾಪಸ್ ತಗೊಂಡ್ಹೋಗಿ, ನಾನು ಯಾರ ಹತ್ರಾನೂ ಏನೂ ತಗೊಳಲ್ಲ" ಎಂದು ಬಾಗಿಲು ಹಾಕಿಕೊಂಡರು. ಅಕ್ಕ ಆ ಸೀರೆ ಹಿಡಿದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳ ಮುಖ ನೋಡಿ ನನಗೆ ಆ ಬಾಗಿಲು ಒದೆಯಬೇಕೆನ್ನಿಸಿತು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಸೆಂಟರಿನಿಂದ ಹೋದವರು ನಾನೊಬ್ಬನೇ, ಜೊತೆಗೆ ಅಕ್ಕ. ಅವರ ತಮ್ಮ ನನ್ನನ್ನು ನೋಡಿ ಮೆಲ್ಲಗೆ, "ನಿಮಗೂ ಬೈದಿದ್ರಾ?" ಎಂದರು. ತಲೆಯಾಡಿಸಿದೆ. "ಬಂದೋರೆಲ್ಲ ಅದನ್ನೇ ಹೇಳ್ತಿದಾರೆ" ಎಂದು ಕಣ್ಣೊರೆಸಿಕೊಂಡರು. ಅಕ್ಕ ಮೇಡಂ ಪಾದ ಮುಟ್ಟಿದಳು. ಈಗ ಕಾಲು ಹಿಂದೆಳೆದುಕೊಳ್ಳುವವರಿರಲಿಲ್ಲ. ಬಹಳ ಹೊತ್ತು ಅಲ್ಲಿಂದ ಕೈ ತೆಗೆಯಲಿಲ್ಲ ಅವಳು.

ನಾನು ಕೈ ಕಟ್ಟಿ ಗೋಡೆಗೆ ಒರಗಿ ನಿಂತಿದ್ದೆ. ಬೀದಿಗಿಳಿದ ಮೇಲೆ ಅಕ್ಕ ತಿರುಗಿಬಿದ್ದಳು.

"ಕೈ ಮುಗಿಯೂದ ಬಿಟ್ಟು ಮಾರಿ ಗಂಟ್ ಹಾಕ್ಕೊಂಡು ಯಾಕ ನಿಂತಿದ್ದಿ? ಆಕಿ ಇಲ್ದಿದ್ರ ನಾ ಇರ್ತಿದ್ದೆನೇನೋ?"

"ಬದುಕಿದ್ದಾಗ ಒಂದ್ ಸಲನೂ ಕೈ ಮುಗಿಸ್ಕೊಳ್ಳಲಿಲ್ಲ ಆಕಿ. ಈಗ ನಾ ಯಾಕ ಮುಗೀಲಿ?" ಎಂದೆ.

ಸಿಟ್ಟಿನಿಂದಲೇ ಅಂದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.